ಬೆರಕೆ ಎಂದು ಎಸೆದ ಪ್ಲೇಟುಗಳು

ಮಕಮಲ್ಲಿನ ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಒಪ್ಪಿಕೊಳ್ಳದ ಸಂಗತಿಗಳೇ ಹೆಚ್ಚಿವೆ.

ಆಗ ನಾನು ಬೆಳಗ್ಗೆ ಗುಬ್ಬಿಯ ಕಾಲೇಜಿನಲ್ಲಿ ಪಾಠ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ತುಮಕೂರಿಗೆ ಬಂದು, ಸಂಜೆಯವರೆಗೆ ಲ್ಯಾಬಿನಲ್ಲಿ ಪಿಎಚ್‌ಡಿ ಕೆಲಸ ಮಾಡುತ್ತಿದ್ದೆ. ಸಿಕ್ಕಿದ್ದ ಕೊನೆಯ ವಿಸ್ತರಣೆಯಲ್ಲಿ ಐದು ತಿಂಗಳು ಉಳಿದಿತ್ತು. ನಮ್ಮ ಮಾರ್ಗದರ್ಶಕರದೊಂದು ಪದ್ಧತಿ: ಪ್ರತಿ ಅಧ್ಯಾಯದ ಮೊದಲ ಪುಟದ ಮೇಲೆ ಅವರ ಹಸಿರು ಇಂಕಿನ ಸಹಿ ಬೀಳಬೇಕು, ಬಿದ್ದ ಮೇಲೆಯೇ ಅದು ಬೈಂಡಿಂಗಿಗೆ. ನನ್ನ ಐದು ಅಧ್ಯಾಯಗಳಲ್ಲಿ ನಾಲ್ಕಕ್ಕೆ ಬಿದ್ದಿತ್ತು. ಐದನೆಯದು ಅವರ ಮೇಜಿನ ಮೇಲೆ ಹೋಗಿ ಬಂದು, ಹೋಗಿ ಬಂದು ಮೂಲೆ ಮಡಚಿಕೊಂಡಿತ್ತು.

ಅದರ ವಿಷಯ ಯೀಸ್ಟಿನ ಪ್ರಿಯಾನ್. ಯೀಸ್ಟ್ ಅಂದರೆ ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ಉಬ್ಬಿಸುತ್ತದಲ್ಲ, ಅದೇ. ಪ್ರಿಯಾನ್ ಅಂದರೆ ಬೇರೆ ರೀತಿ ಮಡಚಿಕೊಂಡ ಒಂದು ಪ್ರೋಟೀನು. ತಾನು ಮಡಚಿಕೊಂಡದ್ದು ಸಾಲದು ಎಂದು ಪಕ್ಕದಲ್ಲಿರುವ ತನ್ನಂಥದೇ ಪ್ರೋಟೀನನ್ನೂ ತನ್ನ ಹಾಗೇ ಮಡಚಿಸುತ್ತದೆ. ಗುಬ್ಬಿಯ ಮಕ್ಕಳಿಗೆ ಇದನ್ನು ಹೇಳುವಾಗ ನಾನು ಹೆಪ್ಪಿನ ಉದಾಹರಣೆ ಕೊಡುತ್ತೇನೆ. ಒಂದು ಚಮಚ ಮೊಸರು ಪಾತ್ರೆಯಷ್ಟು ಹಾಲನ್ನೂ ಮೊಸರು ಮಾಡುತ್ತದೆ, ಹುಳಿ ಹೆಪ್ಪು ಹಾಕಿದರೆ ಹುಳಿ ಮೊಸರು, ಸಿಹಿ ಹೆಪ್ಪು ಹಾಕಿದರೆ ಸಿಹಿ ಮೊಸರು. ಮೊಸರಿನಲ್ಲಿ ಕೆಲಸ ಮಾಡುವುದು ಜೀವಂತ ಬ್ಯಾಕ್ಟೀರಿಯಾ, ಇಲ್ಲಿ ಸಾಗುವುದು ಬರೀ ಆಕಾರ, ಆದ್ದರಿಂದ ಪರೀಕ್ಷೆಯಲ್ಲಿ ಹೆಪ್ಪು ಅಂತ ಬರೆದರೆ ಸೊನ್ನೆ ಎಂದೂ ಜೊತೆಗೇ ಹೇಳುತ್ತೇನೆ.

ನಮ್ಮ ತಳಿಯ ಯೀಸ್ಟಿನಲ್ಲಿ ಒಂದು ಜೀನು ಕೆಟ್ಟಿದೆ. ಅದರಿಂದ ಸೆಲ್ಲಿನೊಳಗೆ ಕೆಂಪು ಬಣ್ಣ ಶೇಖರವಾಗಿ ಕಾಲೊನಿಗಳು, ಅಂದರೆ ಒಂದು ಸೆಲ್ಲಿನಿಂದ ಬೆಳೆದು ಚುಕ್ಕೆಯಾಗಿ ಕಾಣುವ ಗುಂಪುಗಳು, ಕೆಂಪಗಿರುತ್ತವೆ. ಪ್ರಿಯಾನ್ ಹುಟ್ಟಿದ ಸೆಲ್ಲು ಆ ಕೆಟ್ಟ ಜಾಗವನ್ನು ದಾಟಿ ಓದಿಕೊಳ್ಳುತ್ತದೆ, ಕೆಂಪು ಕಳೆದುಕೊಳ್ಳುತ್ತದೆ. ಜೋರಾದ ಪ್ರಿಯಾನ್ ಇದ್ದರೆ ಕಾಲೊನಿ ಹಾಲು ಬಿಳಿ, ಮೆತ್ತನೆಯದಿದ್ದರೆ ಗುಲಾಬಿ. ಪ್ರೋಟೀನು ಒಂದೇ, ಮಡಚಿಕೊಂಡ ಬಗೆ ಎರಡು. ಇವೆರಡೂ ಬಗೆ ಹೇಗೆ ಹುಟ್ಟುತ್ತವೆ, ಒಂದೇ ಸೆಲ್ಲಿನಲ್ಲಿ ಸೇರಿದರೆ ಏನಾಗುತ್ತದೆ ಎಂಬುದೇ ನನ್ನ ಕೆಲಸ. ಮಾರ್ಗದರ್ಶಕರು, ಅಂದರೆ ನಮ್ಮ ಸರ್, ಪ್ರಾಯದ ಕಾಲದಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ಎರಡು ಉತ್ತರ ಕೊಟ್ಟಿದ್ದರು. ಒಂದು, ಪ್ರಿಯಾನ್ ಹುಟ್ಟುವ ಗಳಿಗೆಯಲ್ಲೇ ಅದು ಯಾವ ಬಗೆ ಎಂದು ತೀರ್ಮಾನವಾಗಿರುತ್ತದೆ. ಎರಡು, ಎರಡೂ ಬಗೆ ಒಂದೇ ಸೆಲ್ಲಿಗೆ ಸೇರಿದರೆ ಜೋರಿನದು ಮೆತ್ತಗಿನದನ್ನು ನುಂಗಿಬಿಡುತ್ತದೆ. ಎರಡನೆಯ ಮಾತು ಸರಿ. ಗುಲಾಬಿಯನ್ನೂ ಬಿಳಿಯನ್ನೂ ಜೋಡಿ ಮಾಡಿ ನಾನೇ ನೋಡಿದ್ದೇನೆ, ಮರಿಗಳೆಲ್ಲ ಬಿಳಿ. ನನ್ನ ಜಗಳ ಮೊದಲನೆಯ ಮಾತಿನ ಮೇಲೆ.

ಈಗ ಮಕಮಲ್ಲಿಗೆ ಬರುತ್ತೇನೆ. ಅಗರ್ ಎಂಬ ಜೆಲ್ಲಿ ತುಂಬಿದ ಒಂದು ಪ್ಲೇಟಿನಲ್ಲಿ ಬೆಳೆದ ನೂರಾರು ಕಾಲೊನಿಗಳನ್ನು ಅದೇ ಜಾಗದಲ್ಲಿ ಇನ್ನೊಂದು ಪ್ಲೇಟಿಗೆ ನಕಲು ಮಾಡಲು ಮಕಮಲ್ ಬಟ್ಟೆ ಬೇಕು. ದುಂಡನೆಯ ದಿಮ್ಮಿಯ ಮೇಲೆ ಬಟ್ಟೆ ಹಾಸಿ, ಪ್ಲೇಟನ್ನು ಬೋರಲು ಹಾಕಿ ಒತ್ತಿದರೆ ಅದರ ಕೂದಲಿಗೆ ಸೆಲ್ಲುಗಳು ಹತ್ತಿಕೊಳ್ಳುತ್ತವೆ, ಹೊಸ ಪ್ಲೇಟು ಒತ್ತಿದರೆ ಅದಕ್ಕೆ ಇಳಿಯುತ್ತವೆ. ನಮ್ಮ ಲ್ಯಾಬಿನ ಬಿಳಿ ಮಕಮಲ್ ಚೌಕಗಳು ಬೋಳಾಗಿದ್ದವು. ತರಿಸಲು ಇಂಡೆಂಟ್ ಹಾಕಿದರೆ ಎರಡು ತಿಂಗಳು. ನಾನು ಬಟವಾಡಿಯಲ್ಲಿ ಬಸ್ಸಿಳಿದು, ದೇವರ ಪೀಠಕ್ಕೆ ಹಾಸುವ ಬಟ್ಟೆ ಮಾರುವ ಅಂಗಡಿಗೆ ನುಗ್ಗಿದೆ. ಇದ್ದದ್ದು ಕುಂಕುಮ ಬಣ್ಣದ ಮಕಮಲ್ ಒಂದೇ.

“ಬಣ್ಣ ಹೋಗುತ್ತಾ?” ಎಂದೆ.

“ದೇವ್ರಾಣೆ ಹೋಗಲ್ಲ ಮೇಡಂ. ತೊಳ್ದು ತೊಳ್ದು ಬಟ್ಟೆ ಹೋಗ್ಬೇಕು, ಬಣ್ಣ ಹೋಗಲ್ಲ,” ಎಂದ ಅಂಗಡಿಯವನು.

ಅವನು ಹೇಳಿದ್ದು ಬಕೆಟ್ಟಿನಲ್ಲಿ ತೊಳೆಯುವ ಮಾತು. ನಾವು ಹಾಕುವುದು ಆಟೋಕ್ಲೇವಿಗೆ, ಪ್ರೆಷರ್ ಕುಕ್ಕರಿನ ದೊಡ್ಡಪ್ಪನಿಗೆ. ಬಣ್ಣ ಬಿಡದೆ ಇರುತ್ತದೆಯೇ? ಆ ವಾರ ನನ್ನ ಪ್ಲೇಟುಗಳಲ್ಲಿ ಎಲ್ಲಿ ನೋಡಿದರೂ ಗುಲಾಬಿ. ಮೆತ್ತನೆಯ ಬಗೆ ಇಷ್ಟೊಂದು ಹುಟ್ಟಿದೆ ಎಂದು ಕುಣಿದಾಡಿಕೊಂಡು ಶನಿವಾರದ ಸಭೆಯಲ್ಲಿ ಪ್ಲೇಟುಗಳನ್ನು ಮೇಜಿನ ಮೇಲೆ ಹರವಿದೆ. ಸರ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಕಾಲೊನಿಯೇ ಇಲ್ಲದ ಖಾಲಿ ಜಾಗಕ್ಕೆ ಬೆರಳು ತೋರಿಸಿದರು.

“ಏನಮ್ಮ, ಇಲ್ಲಿ ಯಾವ ಪ್ರಿಯಾನ್ ಹುಟ್ಟಿದೆ? ಅಗರ್ರೇ ಪಿಂಕಾಗಿದೆಯಲ್ಲ!”

ಎಲ್ಲರೂ ನಕ್ಕರು. ನಾನು ಮಕಮಲ್ಲಿನ ಕಥೆ ಹೇಳಹೊರಟೆ. “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ,” ಎಂದರು ಸರ್. ಅವತ್ತಿನಿಂದ ನನಗೆ ಮಕಮಲ್ ಮೇಡಂ ಎಂದು ಹೆಸರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ನನ್ನದು ಒಂದು ಮೀಟರ್ ಬಟ್ಟೆಗೆ ಹೋಗಿತ್ತು.

ಆದರೆ ತಪ್ಪು ಮಾಡಿದವರಿಗೆ ಒಂದು ಲಾಭವಿದೆ. ಎಲ್ಲವನ್ನೂ ಮತ್ತೆ ನೋಡಬೇಕಾಗುತ್ತದೆ. ಆ ಪ್ಲೇಟುಗಳ ಒಂದೊಂದು ಕಾಲೊನಿಯನ್ನೂ ಹಲ್ಲುಕಡ್ಡಿಯಲ್ಲಿ ಎತ್ತಿ, ಮಕಮಲ್ಲನ್ನು ಹತ್ತಿರ ಸುಳಿಯಗೊಡದೆ, ಹೊಸ ಪ್ಲೇಟುಗಳ ಮೇಲೆ ಗೆರೆ ಎಳೆದೆ. ಮೂರು ದಿನ ಇನ್‌ಕ್ಯುಬೇಟರಿನಲ್ಲಿ, ಆಮೇಲೆ ನಾಲ್ಕು ದಿನ ಫ್ರಿಜ್ಜಿನಲ್ಲಿ. ತಂಪಿನಲ್ಲಿಟ್ಟರೇ ಕೆಂಪು ಚೆನ್ನಾಗಿ ಬಿಡಿಸಿಕೊಳ್ಳುವುದು. ತೆಗೆದು ನೋಡಿದರೆ ಬಟ್ಟೆಯ ಬಣ್ಣವೆಲ್ಲ ಹೋಗಿತ್ತು. ಬಹುಪಾಲು ಗೆರೆಗಳು ಪೂರ್ತಿ ಬಿಳಿ, ಕೆಲವು ಪೂರ್ತಿ ಗುಲಾಬಿ, ಬೇಕಾದಷ್ಟು ಕೆಂಪು. ಹನ್ನೊಂದು ಗೆರೆಗಳಲ್ಲಿ ಮಾತ್ರ ಬಿಳಿಯೂ ಗುಲಾಬಿಯೂ ಪಕ್ಕಪಕ್ಕದಲ್ಲಿ ಕೂತಿದ್ದವು. ಹೊಸದಾಗಿ ಪ್ರಿಯಾನ್ ಹುಟ್ಟಿದ ಒಂದೊಂದೇ ಕಾಲೊನಿಯಿಂದ ಎಳೆದ ಗೆರೆಗಳು ಅವು.

ಈ ಸಲ ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿದೆ. ಉಸಿರಾಟದ ಶಕ್ತಿ ಕಳೆದುಕೊಂಡ ಯೀಸ್ಟೂ ಬೆಳ್ಳಗೆ ಕಾಣುತ್ತದೆ, ಅಂಥದೇನೋ ಎಂದು, ಉಸಿರಾಡುವ ಯೀಸ್ಟು ಮಾತ್ರ ಬೆಳೆಯುವ ಗ್ಲಿಸರಾಲ್ ಪ್ಲೇಟಿನ ಮೇಲೆ ಬೆಳೆಸಿದೆ. ಚೆನ್ನಾಗಿ ಬೆಳೆಯಿತು, ಅಂದರೆ ಅದಲ್ಲ. ಗ್ವಾನಿಡಿನ್ ಎಂಬ ರಾಸಾಯನಿಕ ಹಾಕಿದರೆ ಪ್ರಿಯಾನ್ ಅಳಿಸಿಹೋಗುತ್ತದೆ, ಜೀನಿನ ಬದಲಾವಣೆ ಅಳಿಸುವುದಿಲ್ಲ. ಹಾಕಿದೆ. ಬಿಳಿ, ಗುಲಾಬಿ ಎರಡೂ ಕೆಂಪಿಗೆ ತಿರುಗಿದವು. ಅಂದರೆ ಎರಡೂ ಪ್ರಿಯಾನೇ. ಆ ಗೆರೆಗಳಿದ್ದ ಹನ್ನೊಂದು ಪ್ಲೇಟು ಟ್ರೇಯಲ್ಲಿಟ್ಟುಕೊಂಡು ಸರ್ ಕೋಣೆಗೆ ಹೋದೆ.

“ಮತ್ತೆ ಪಿಂಕಾ?” ಎಂದರು.

“ಬಟ್ಟೇದಲ್ಲ ಸರ್. ಒಂದೇ ಕಾಲೊನಿಯಿಂದ ಎರಡೂ ಬರ್ತಿದೆ. ಹುಟ್ಟಿದ ಹೊಸದರಲ್ಲಿ ಅದು ಇನ್ನೂ ತೀರ್ಮಾನ ಆಗಿರಲ್ಲ ಅನ್ಸುತ್ತೆ.”

“ಎರಡು ಸೆಲ್ ಅಂಟ್ಕೊಂಡು ಒಂದು ಕಾಲೊನಿ ಆಗಿರುತ್ತೆ ಕಣಮ್ಮ. ಒಂದು ಬಿಳಿ, ಒಂದು ಪಿಂಕ್. ಇನ್ನೆರಡು ಸಲ ಸ್ಟ್ರೀಕ್ ಮಾಡು, ಬೇರೆ ಬೇರೆ ಆಗುತ್ತೆ. ಬೆರಕೆ ಪ್ಲೇಟ್ ಎಸಿ. ಇಪ್ಪತ್ತು ವರ್ಷದಿಂದ ಈ ಲ್ಯಾಬಲ್ಲಿ ಹಾಗೇ ಮಾಡೋದು.”

“ಬೇರೆ ಆಗೋವರೆಗೂ ಗೆರೆ ಎಳೆದರೆ ಬೇರೆ ಆಗೇ ಆಗುತ್ತೆ ಸರ್. ಅದಕ್ಕೆ ಮುಂಚೆ ಏನಿತ್ತು ಅನ್ನೋದೇ ಅಲ್ವಾ ಪ್ರಶ್ನೆ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ, ಇದನ್ನು ಹೇಳಲೇಬೇಕು. ಎರಡು ವಿಸ್ತರಣೆಗಳಿಗೆ ಅವರೇ ಓಡಾಡಿ ಶಿಫಾರಸು ಬರೆದಿದ್ದರು. “ನೋಡಮ್ಮ, ಬೆರಕೆ ವಿಷಯ ಪೂರ್ತಿ ತೆಗಿ. ಬಿಳಿ ಎಷ್ಟು, ಪಿಂಕ್ ಎಷ್ಟು ಅಂತ ಕ್ಲೀನಾಗಿ ಬರಿ. ನಾಳೇನೇ ಸೈನ್ ಹಾಕ್ತೀನಿ. ನಿಂಗೆ ಡಿಗ್ರಿ ಬೇಕೋ, ಜಗಳ ಬೇಕೋ?”

ನನಗೆ ಎರಡೂ ಬೇಕಾಗಿತ್ತು. ಟ್ರೇ ಎತ್ತಿಕೊಂಡು ಹೊರಗೆ ಬಂದೆ. ಹಿಂದೆಯೇ ಅವರು ಅಟೆಂಡರ್ ಅಕ್ಕನನ್ನು ಕೂಗಿ, ಆ ಹನ್ನೊಂದನ್ನೂ ತೆಗೆದುಕೊಂಡು ಆಟೋಕ್ಲೇವಿಗೆ ಹಾಕಿ ಎಸೆಯಲು ಹೇಳಿದ್ದು ಕೇಳಿಸಿತು. ಅಕ್ಕ ಬಕೆಟ್ಟು ಹಿಡಿದು ನನ್ನ ಬೆಂಚಿನ ಹತ್ತಿರ ಬಂದರು.

“ಕೊಡಲ್ಲ ಅಕ್ಕ,” ಎಂದೆ.

“ಕೊಡ್ದಿದ್ರೆ ಬುಡಿ ಮೇಡಂ, ನಂಗೇನು? ಊಟ ಮಾಡವ ಬನ್ನಿ.”

ಅಕ್ಕ ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ತೌರು ಕುಣಿಗಲ್ ಕಡೆಯ ಹಳ್ಳಿ, ಓದಿದ್ದು ಏಳನೆಯ ಕ್ಲಾಸು. ಗಾಜು ತೊಳೆಯುವುದು, ಪ್ಲೇಟುಗಳಿಗೆ ಮೀಡಿಯಾ, ಅಂದರೆ ಯೀಸ್ಟಿನ ಆಹಾರ ಸುರಿಯುವುದು, ಕಸ ಎಸೆಯುವುದು ಎಲ್ಲ ಅವರದೇ. ನಾವಿಬ್ಬರೂ ತೊಳೆಯುವ ಕೋಣೆಯ ಸ್ಟೂಲುಗಳ ಮೇಲೆ ಕೂತು ಒಟ್ಟಿಗೆ ಉಣ್ಣುತ್ತಿದ್ದೆವು. ಅವತ್ತು ಅವರ ಡಬ್ಬಿಯಲ್ಲಿ ಮೊಸರನ್ನ ಒಂಥರಾ ನೀರು ನೀರಾಗಿತ್ತು.

“ಏನಕ್ಕ, ಮೊಸರು ಹೀಗಿದೆ?”

“ಹೆಪ್ಪೇ ಇರ್ಲಿಲ್ಲ ಕಣ್ ಮೇಡಂ. ನಾಲ್ಕ್ ದಿನ ಊರಿಗೋಗಿದ್ನಲ್ಲ, ಇದ್ದುದ್ದು ಕೆಟ್ಟೋಯ್ತು. ಹಸಿಮೆಣ್ಸಿನಕಾಯಿ ತೊಟ್ಟು ಹಾಕಿಟ್ಟಿದ್ದೆ. ಮೊದಲ್ನೇ ದಿನ ಹಿಂಗೇ, ಮೊಸ್ರೂ ಅಲ್ಲ ಹಾಲೂ ಅಲ್ಲ. ಇದ್ರಲ್ಲೊಂದ್ ಚಮಚ ತಗಂಡು ನಾಳಿಕ್ಕಾಕ್ಬೇಕು, ಅದ್ರಲ್ಲೊಂದ್ ಚಮಚ ನಾಳಿದ್ದಿಗೆ. ಮೂರ್ನೇ ದಿನಕ್ಕೆ ಸರೋಗುತ್ತೆ.”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಹೆಪ್ಪಿಲ್ಲದ ಮನೆಯಲ್ಲಿ ತೊಟ್ಟಿನಿಂದ ಮೊಸರು ಶುರು ಮಾಡುವುದು ನನಗೂ ಗೊತ್ತಿದ್ದದ್ದೇ. ಯೀಸ್ಟಿನಲ್ಲೂ ಅಂಥದೊಂದು ತೊಟ್ಟಿದೆ. ಬೇರೊಂದು ಪ್ರೋಟೀನು ಮೊದಲೇ ತನ್ನ ರೀತಿಯಲ್ಲಿ ಪ್ರಿಯಾನಾಗಿ ಕೂತಿರದಿದ್ದರೆ ನಮ್ಮ ಪ್ರಿಯಾನ್ ಹೊಸದಾಗಿ ಹುಟ್ಟುವುದೇ ಅಪರೂಪ. ಆದರೆ ಆ ಮೊದಲ ದಿನದ ನೀರು ಮೊಸರನ್ನು ನಾನು ಯಾವತ್ತೂ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

“ಅಕ್ಕ, ಈ ಮೊದಲನೇ ದಿನದ್ದನ್ನೇ ಎರಡು ಮನೆಗೆ ಹೆಪ್ಪು ಕೊಟ್ಟರೆ?”

“ಇದ್ನ ಯಾರಾದ್ರೂ ಕೊಡ್ತಾರಾ? ಕೊಟ್ರೆ ಅವರ್ಮನೇಲಿ ಅವರ ಥರ, ಇವರ್ಮನೇಲಿ ಇವರ ಥರ ಆಗುತ್ತೆ. ಇನ್ನೂ ನಿಂತಿಲ್ವಲ್ಲ ಅದು.” ಅನ್ನ ಕಲೆಸುತ್ತ ಅವರೇ ಮುಂದುವರಿಸಿದರು: “ಅಲ್ಲ ಮೇಡಂ, ಬೆರಕೆ ಬೆರಕೆ ಅಂತ ಅಷ್ಟ್ಯಾಕ್ ಬೇಜಾರ್ ಮಾಡ್ಕಂತೀರಾ? ನಿಮಗೊಬ್ರಿಗೇನಾ ಬಂದಿರೋದು? ಬಂದೋರೆಲ್ಲಾ ಬೆರಕೆ ಅಂತ ಕೊಡ್ತಿದ್ರು. ನಾನು ಬರ್ಕಂಡು ಎಸೀತಿದ್ದೆ.”

“ಬರ್ಕೊಂಡು ಅಂದ್ರೆ ಎಲ್ಲಿ?”

ಕೈ ತೊಳೆದು ಬಂದು ಸಿಂಕಿನ ಮೇಲಿನ ಗೂಡಿನಿಂದ ಉದ್ದನೆಯ ರಿಜಿಸ್ಟರ್ ತೆಗೆದರು. ಎಸೆಯುವ ಪ್ಲೇಟುಗಳ ರಿಜಿಸ್ಟರ್. ಬರೆಯದೆ ಯಾವ ಪ್ಲೇಟೂ ಲ್ಯಾಬಿನಿಂದ ಆಚೆ ಹೋಗಬಾರದು ಎಂಬುದು ಸರ್ ಮಾಡಿದ ನಿಯಮ. ಅಕ್ಕನ ದುಂಡು ಕನ್ನಡದಲ್ಲಿ ತಾರೀಕು, ವಿದ್ಯಾರ್ಥಿಯ ಹೆಸರಿನ ಮೊದಲಕ್ಷರ, ಎಷ್ಟು ಪ್ಲೇಟು, ಯಾಕೆ. ಕೊನೆಯ ಕಾಲಮ್ಮಿನಲ್ಲಿ “ಎಸೆದಿದೆ”. ಪ್ರತಿ ಸಾಲಿನ ತುದಿಗೆ ಹಸಿರು ಇಂಕಿನ ಸಹಿ. ಯಾಕೆ ಎಂಬ ಕಾಲಮ್ಮಿನಲ್ಲಿ ಬೂಷ್ಟು, ಒಣಗಿದೆ, ಒಡೆದಿದೆ ಇವುಗಳ ನಡುನಡುವೆ, ಪುಟದಿಂದ ಪುಟಕ್ಕೆ: ಬೆರಕೆ. ಬೆರಕೆ. ಬೆರಕೆ. ನನಗಿಂತ ಮೊದಲು ಇಲ್ಲಿ ಡಿಗ್ರಿ ಪಡೆದು ಹೋದ ಪ್ರತಿಯೊಬ್ಬರ ಹೆಸರಿನ ಮುಂದೆಯೂ ಅದಿತ್ತು. ಸಿಟ್ಟಿನಲ್ಲಿ ಪುಟ ತಿರುವುತ್ತ ಹೋದೆ. ಅವರೆಲ್ಲರೂ ಕಂಡಿದ್ದರು. ಕಂಡವರು ಎಸೆದು, ಉಳಿದದ್ದನ್ನು ಎಣಿಸಿ, “ಹುಟ್ಟುವಾಗಲೇ ತೀರ್ಮಾನವಾಗಿರುತ್ತದೆ” ಎಂದು ಬರೆದರು.

ಆ ಮಧ್ಯಾಹ್ನವೇ ನಿರ್ಧಾರ ಮಾಡಿದೆ. ಅಧ್ಯಾಯದಿಂದ ಒಂದು ಸಾಲೂ ತೆಗೆಯುವುದಿಲ್ಲ. ಹಾಗಂತ ರಿಜಿಸ್ಟರನ್ನು ಸರ್ ಮುಖಕ್ಕೆ ಹಿಡಿಯುವುದೂ ಇಲ್ಲ. ಎರಡು ಸೆಲ್ ಅಂಟಿಕೊಂಡಿವೆ ಎಂಬ ಅವರ ಆಕ್ಷೇಪ ರಿಜಿಸ್ಟರಿನಿಂದ ಹೋಗುವಂಥದ್ದಲ್ಲ, ಅದು ನ್ಯಾಯವಾದ ಆಕ್ಷೇಪ. ಅದನ್ನು ಕಳೆಯುವ ದಾರಿ ಒಂದೇ. ಬೆರಕೆ ಕಾಲೊನಿಯೊಳಗಿನಿಂದ ಒಂದೇ ಒಂದು ಸೆಲ್ಲನ್ನು ಎತ್ತಿ ಬೇರೆ ಬೆಳೆಸಬೇಕು. ಕಾಲೊನಿ ಎರಡು ತರದ ಸೆಲ್ಲುಗಳ ಸಂತೆಯಾಗಿದ್ದರೆ, ಒಂಟಿ ಸೆಲ್ಲಿನಿಂದ ಒಂದೇ ಬಣ್ಣ ಬರುತ್ತದೆ. ಸೆಲ್ಲೇ ಇನ್ನೂ ನಿಂತಿಲ್ಲದಿದ್ದರೆ, ಒಂಟಿ ಸೆಲ್ಲಿನಿಂದಲೂ ಎರಡು ಬಣ್ಣ ಬರಬೇಕು.

ಹೇಳಲು ಸುಲಭ. ಒಂಟಿ ಸೆಲ್ಲನ್ನು ಎತ್ತುವ ಸೂಜಿಯುಳ್ಳ ಮೈಕ್ರೋಸ್ಕೋಪೊಂದು ನಮ್ಮಲ್ಲಿತ್ತು, ಬಟ್ಟೆ ಮುಚ್ಚಿಕೊಂಡು ಮೂಲೆಯಲ್ಲಿ. ಸೂಜಿ ಮಾತ್ರ ಎಂದೋ ಮುರಿದಿತ್ತು. ಅದು ಗಾಜಿನ ಎಳೆ, ಕೂದಲಿಗಿಂತ ತೆಳ್ಳಗೆ, ತುದಿ ಮಟ್ಟಸವಾಗಿರಬೇಕು. ಗಾಜಿನ ಕಡ್ಡಿಯನ್ನು ಬರ್ನರಿಗೆ ಹಿಡಿದು ಎಳೆಯುತ್ತ ಒಂದು ವಾರ ಕಳೆದೆ. ಒಂದು ದಪ್ಪ, ಇನ್ನೊಂದು ಸೊಟ್ಟ, ಮತ್ತೊಂದು ಕೈಗೆ ಬರುವ ಮೊದಲೇ ಗಾಳಿಗೆ ಮುರಿಯುವುದು. ಬೆರಳ ತುದಿಯೆಲ್ಲ ಬೊಬ್ಬೆ. ಅಕ್ಕ ಎರಡು ದಿನ ನೋಡಿದರು, ಮೂರನೆಯ ದಿನ ತಡೆಯಲಾಗಲಿಲ್ಲ.

“ಕೊಡಿ ಇತ್ಲಾಗೆ. ನೀವು ಎಳೀತೀರಿ. ಎಳೀಬಾರ್ದು, ಅದು ಬರೋವಾಗ ಹಿಡ್ಕಬೇಕು ಅಷ್ಟೆ. ಮದ್ವೆಗ್ ಮುಂಚೆ ರೇಷ್ಮೆ ನೂಲು ತೆಗಿಯಕ್ಕೋಗ್ತಿದ್ದೆ ನಾನು. ಬಿಸ್ನೀರಲ್ಲಿ ಗೂಡಿನ ಎಳೆ ಹುಡ್ಕಿರೋ ಕೈ ಇದು.”

ನಾಲ್ಕನೆಯ ಎಳೆಗೆ ಅವರ ಕೈ ಕೂತಿತು. ಸಂಜೆಯೊಳಗೆ ಆರು ಸೂಜಿ ಸಿದ್ಧ. ಅಂಟಿನಲ್ಲಿ ಹಿಡಿಕೆಗೆ ಕೂರಿಸಿ ಮೈಕ್ರೋಸ್ಕೋಪಿಗೆ ಹಾಕಿದೆ.

ಮೊದಲ ಸುತ್ತು ಹಾಳಾಯಿತು. ಅಗರಿನ ಅಂಚಿನಲ್ಲಿ ಸೆಲ್ಲುಗಳನ್ನು ಹರಡಿ, ಸೂಜಿಯನ್ನು ಕೆಳಗಿನಿಂದ ಮೇಲಕ್ಕೆ ತಂದು, ಮೊಗ್ಗಿಲ್ಲದ ಒಂದು ಸೆಲ್ಲಿಗೆ ತಾಕಿಸಿ, ಅಂಟಿದ ಅದನ್ನು ಗುರುತು ಮಾಡಿದ ಜಾಗಕ್ಕೆ ಒಯ್ದು ಬಿಡಬೇಕು. ಯೀಸ್ಟಿನಲ್ಲಿ ಮರಿ ಸೆಲ್ಲು ತಾಯಿಯ ಮೈಮೇಲೆ ಮೊಗ್ಗಾಗಿ ಬೆಳೆಯುತ್ತದೆ, ಮೊಗ್ಗಿದ್ದರೆ ಅದು ಒಂಟಿಯಲ್ಲ. ನಮ್ಮ ಕಟ್ಟಡದ ಪಕ್ಕದಲ್ಲೇ ಹೈವೇ. ವಸಂತನರಸಾಪುರದ ಕಡೆಗೆ ಲೋಡ್ ಲಾರಿ ಹೋದರೆ ಸಾಕು, ಸೂಜಿ ನಡುಗಿ ಸೆಲ್ಲು ಅಗರಿನಲ್ಲಿ ಹೂತುಹೋಗುತ್ತಿತ್ತು. ಎತ್ತಿಟ್ಟದ್ದರಲ್ಲಿ ಅರ್ಧದಷ್ಟೂ ಬೆಳೆಯಲಿಲ್ಲ. ಬೆಳೆದವೆಲ್ಲ ಅಚ್ಚ ಬಿಳಿ. ಸರ್ ಹೇಳಿದ್ದೇ ಸರಿಯೇನೋ ಎಂದು ಗುಬ್ಬಿಯವರೆಗೂ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ಇಳಿಯುವಾಗ ಹೊಳೆಯಿತು: ನಾನು ಸೆಲ್ಲು ತೆಗೆದದ್ದು ಮೂರು ವಾರ ಹಳೆಯ ಬೆರಕೆ ಕಾಲೊನಿಯಿಂದ. ಮೂರನೆಯ ದಿನದ ಮೊಸರು ಅದು, ನಿಂತಾಗಿತ್ತು.

ಎರಡನೆಯ ಸುತ್ತಿಗೆ ಮತ್ತೆ ಮೊದಲಿನಿಂದ ಪ್ರಿಯಾನ್ ಹುಟ್ಟಿಸಿದೆ. ಸಕ್ಕರೆ ಬದಲಿಸಿದ ಮೀಡಿಯಾದಲ್ಲಿ ಆ ಪ್ರೋಟೀನು ಅತಿಯಾಗಿ ತಯಾರಾಗುವಂತೆ ಮಾಡಿ, ಪ್ಲೇಟಿಗೆ ಹರಡಿ, ಹೊಸ ಕಾಲೊನಿ ಕಣ್ಣಿಗೆ ಬಿದ್ದ ದಿನವೇ ಸೂಜಿ ಹಿಡಿದೆ. ಲಾರಿ ಕಡಿಮೆ ಇರುವ ಭಾನುವಾರ ಬೆಳಗ್ಗೆ. ಈ ಸಲ ಬಹಳಷ್ಟು ಬೆಳೆದವು. ಒಂದೊಂದು ಒಂಟಿ ಸೆಲ್ಲಿನ ಕಾಲೊನಿಯನ್ನೂ ನೀರಿನಲ್ಲಿ ಕದಡಿ, ತೆಳುಮಾಡಿ, ಬೇರೆ ಬೇರೆ ಪ್ಲೇಟಿಗೆ ಹರಡಿದೆ. ವಾರ ಕಳೆದು ಫ್ರಿಜ್ಜಿನಿಂದ ತೆಗೆದಾಗ ಎರಡು ಪ್ಲೇಟಿನಲ್ಲಿ ಬಿಳಿಯೂ ಗುಲಾಬಿಯೂ ಮಲ್ಲಿಗೆ ಕನಕಾಂಬರ ಚೆಲ್ಲಿದಂತಿದ್ದವು. ತೊಳೆಯುವ ಕೋಣೆಗೆ ಓಡಿ ಅಕ್ಕನ ಕೈಹಿಡಿದುಕೊಂಡೆ. ಸಂತೋಷಕ್ಕೆ ಅಳು ಬಂತು.

ಸರ್ ಅಲ್ಲಾಡಲಿಲ್ಲ. “ಒಂದೇ ಸೆಲ್ ಅಂತ ಯಾರು ನೋಡಿದ್ರು? ನೀನು. ಬಣ್ಣ ಯಾರು ಎಣಿಸಿದ್ರು? ನೀನು. ನಿಂಗೆ ಬೇಕಾದ್ದು ನಿಂಗೆ ಕಾಣುತ್ತಮ್ಮ. ಮಕಮಲ್ಲಲ್ಲೂ ಕಂಡಿತ್ತಲ್ಲ.”

ಎದೆಗೆ ಚುಚ್ಚಿತು. ಆದರೂ ಬಾಯಿಂದ ಬಂದದ್ದು ಬೇರೆ. “ಹಾಗಾದ್ರೆ ನೀವೇ ನೋಡಿ ಸರ್. ಸೆಲ್ಲೂ ನೀವೇ ನೋಡಿ, ಬಣ್ಣಾನೂ ನೀವೇ ಎಣಿಸಿ. ಯಾವ ಪ್ಲೇಟು ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಆಮೇಲೂ ಬೆರಕೆ ಬರದಿದ್ರೆ ನೀವು ಹೇಳಿದ ಹಾಗೇ ಬರೀತೀನಿ.”

ಅವರು ನನ್ನನ್ನೇ ನೋಡಿದರು. ಹಟ ಎಂದರೇನೆಂದು ಅವರಿಗೆ ಗೊತ್ತಿತ್ತು, ಅವರೂ ಹಟದವರೇ. “ಭಾನುವಾರ ಎಷ್ಟೊತ್ತಿಗೆ?” ಎಂದರು.

ಭಾನುವಾರ ಒಂಬತ್ತಕ್ಕೆ ಬಂದರು, ಚಪ್ಪಲಿ ಬಿಟ್ಟು ಬಂದು ಕೂತರು. ಮತ್ತೆ ಹೊಸದಾಗಿ ಪ್ರಿಯಾನ್ ಹುಟ್ಟಿಸಿದ ಕಾಲೊನಿಗಳಿಂದ ನಾನು ಸೂಜಿಯಲ್ಲಿ ಒಂದೊಂದು ಸೆಲ್ಲು ಎತ್ತಿಟ್ಟ ಹಾಗೆಲ್ಲ ಅವರು ಕಣ್ಣಿಟ್ಟು ನೋಡಿ, “ಒಂದೇ. ಮೊಗ್ಗಿಲ್ಲ,” ಎನ್ನಬೇಕು, ಆಗಷ್ಟೇ ಮುಂದಿನದು. ಎರಡನ್ನು ಅನುಮಾನವೆಂದು ತಿರಸ್ಕರಿಸಿದರು, ನಾನು ಅವನ್ನು ಬಿಟ್ಟು ಬೇರೆ ಎತ್ತಿದೆ. ಎಂಟು ಸೆಲ್ಲು ಅವರ ಒಪ್ಪಿಗೆ ಪಡೆದವು. ಅವು ಬೆಳೆದ ಮೇಲೆ ಎಂಟನ್ನೂ ಎಂಟು ಪ್ಲೇಟಿಗೆ ಹರಡಿದೆ. ಜೊತೆಗೆ ಎಂದೋ ನಿಂತು ಗಟ್ಟಿಯಾದ ಹಳೆಯ ಬಿಳಿ ಒಂದು, ಹಳೆಯ ಗುಲಾಬಿ ಎರಡು, ಪ್ರಿಯಾನೇ ಇಲ್ಲದ ಕೆಂಪು ಒಂದು. ಒಟ್ಟು ಹನ್ನೆರಡು.

ಗುರುತು ಹಾಕುವ ಕೆಲಸ ಅಕ್ಕನದು. ನಾನು ಅಂಕಿ ಬರೆದ ಚೀಟಿಗಳನ್ನೆಲ್ಲ ಕಿತ್ತು, ತಮಗೆ ತಿಳಿದ ಹೆಸರು ಬರೆಯಲು ಹೇಳಿ, ನಾವಿಬ್ಬರೂ ಹೊರಗೆ ಹೋದೆವು. ತಿರುಗಿ ಬಂದಾಗ ಪ್ಲೇಟುಗಳ ಬೆನ್ನಿನ ಮೇಲೆ ತೌರಿಗೆ ಹೋಗುವ ದಾರಿಯ ಊರುಗಳು ಕೂತಿದ್ದವು: ಗೂಳೂರು, ನಾಗವಲ್ಲಿ, ಹೆಬ್ಬೂರು, ಕುಣಿಗಲ್. ಆ ದಾರಿ ಮುಗಿದ ಮೇಲೆ ಊರ್ಡಿಗೆರೆ, ಬಟವಾಡಿ, ಗುಬ್ಬಿ, ಹೀಗೆ ಹನ್ನೆರಡು ಊರು. ಯಾವ ಊರು ಯಾವ ಅಂಕಿ ಎಂಬುದು ಒಂದು ಹಳೆಯ ಬಸ್ ಟಿಕೆಟ್ಟಿನ ಹಿಂದೆ, ಅಕ್ಕನ ಎಲೆ ಅಡಿಕೆ ಚೀಲದಲ್ಲಿ.

ಪ್ಲೇಟುಗಳನ್ನು ಇನ್‌ಕ್ಯುಬೇಟರಿನಿಂದ ಫ್ರಿಜ್ಜಿಗೆ ಸಾಗಿಸಿದ್ದೂ ಅಕ್ಕನೇ, ಏಳು ದಿನ ನಾನು ಎರಡರ ಬಾಗಿಲನ್ನೂ ತೆಗೆಯಲಿಲ್ಲ. ಇನ್ನೆಷ್ಟು ದಿನ ಉಳಿದಿದೆ ಎಂದು ಮಾತ್ರ ದಿನವೂ ಕ್ಯಾಲೆಂಡರ್ ನೋಡುತ್ತಿದ್ದೆ. ಸೋತರೆ ಕ್ಲೀನಾಗಿ ಬರೆದುಕೊಡುವುದು ಎಂದು ಮಾತು ಕೊಟ್ಟಾಗಿತ್ತು. ಆ ಕ್ಲೀನು ಪ್ರಬಂಧ ನನ್ನ ಹೆಸರಿನಲ್ಲಿ ಕಪಾಟಿನಲ್ಲಿ ಕೂರುತ್ತದೆ, ನಾಳೆ ಗುಬ್ಬಿಯ ನನ್ನದೇ ವಿದ್ಯಾರ್ಥಿನಿಯೊಬ್ಬಳು ಅದನ್ನು ನಂಬಿ ಬೆರಕೆ ಪ್ಲೇಟನ್ನು ಬಕೆಟ್ಟಿಗೆ ಹಾಕುತ್ತಾಳೆ. ಅದನ್ನು ನೆನೆದರೇ ಮೈ ಉರಿಯುತ್ತಿತ್ತು.

ಎಂಟನೆಯ ದಿನ ಮಧ್ಯಾಹ್ನ ಸರ್ ಹನ್ನೆರಡು ಪ್ಲೇಟನ್ನೂ ಕಿಟಕಿಯ ಹತ್ತಿರ ಸಾಲಾಗಿ ಜೋಡಿಸಿಕೊಂಡರು. ನಾನು ಬೆನ್ನು ತಿರುಗಿಸಿ ನಿಂತೆ, ಅಕ್ಕ ಬಾಗಿಲಲ್ಲಿ. ಅವರು ಒಂದೊಂದೇ ಎತ್ತಿ ಓದಿ ಹೇಳಿದರು.

“ಗೂಳೂರು, ಪೂರ್ತಿ ಬಿಳಿ. ಊರ್ಡಿಗೆರೆ, ಕೆಂಪು. ನಾಗವಲ್ಲಿ, ಪಿಂಕ್. ಬಟವಾಡಿ… ಪಿಂಕ್, ಪೂರ್ತಿ ಪಿಂಕ್.” ಮುಂದಿನದನ್ನು ಎತ್ತಿದರು. ಪ್ಲೇಟು ತಿರುಗಿಸುವ ಸದ್ದು. ಮತ್ತೆ ತಿರುಗಿಸುವ ಸದ್ದು. “ಹೆಬ್ಬೂರು.”

“ಏನ್ ಸರ್?” ಎಂದೆ, ತಿರುಗದೆ.

“ಬೆರಕೆ.”

ಅಂಥವು ಮೂರು ಬಂದವು. ಹೆಬ್ಬೂರು, ಗುಬ್ಬಿ, ಕುಣಿಗಲ್. ಎಲ್ಲ ಮುಗಿದ ಮೇಲೆ ಅಕ್ಕ ಬಸ್ ಟಿಕೆಟ್ ತೆಗೆದು ಕಣ್ಣಿಗೆ ಹತ್ತಿರ ಹಿಡಿದು ಓದಿದರು.

“ಹೆಬ್ಬೂರು ಮೂರ್ನೇ ಸೆಲ್ಲು ಸಾ. ಅವತ್ತು ನೀವೇ ನೋಡಿ ಒಂದೇ ಅಂದ್ರಲ್ಲ, ಅದು. ಗುಬ್ಬಿ ಆರ್ನೇದು, ಕುಣಿಗಲ್ ಎಂಟ್ನೇದು. ನಾಗವಲ್ಲೀನೂ ಬಟವಾಡೀನೂ ಹಳೇ ಪಿಂಕು.”

ಹಳೆಯ ಗುಲಾಬಿಗಳೆರಡೂ ಒಂದು ಬಿಳಿಯನ್ನೂ ಕೊಡದೆ ಗುಲಾಬಿಯಾಗೇ ಉಳಿದಿದ್ದವು. ಅಂದರೆ ನಿಂತದ್ದು ನಿಂತೇ ಇರುತ್ತದೆ, ಆಮೇಲೆ ಬದಲಾಯಿತು ಎನ್ನಲು ಜಾಗವಿಲ್ಲ. ಎರಡು ಬಣ್ಣ ಕೊಟ್ಟದ್ದು ಈಗಷ್ಟೇ ಹುಟ್ಟಿದ ಒಂಟಿ ಸೆಲ್ಲು. ಅದರೊಳಗೆ ಎರಡೂ ಬಗೆ ಸೇರಿಕೊಂಡು ಇನ್ನೂ ಒಂದು ಇನ್ನೊಂದನ್ನು ನುಂಗಿರಲಿಲ್ಲವೋ, ಅಥವಾ ಆಕಾರವೇ ಇನ್ನೂ ಗಟ್ಟಿಯಾಗಿರಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಅಧ್ಯಾಯದಲ್ಲಿ ಬರೆದಿದ್ದೇನೆ.

ಸರ್ ಹೆಬ್ಬೂರನ್ನು ಮತ್ತೆ ಕಿಟಕಿಯ ಬೆಳಕಿಗೆ ಹಿಡಿದರು. “ನನ್ನ ಪೇಪರ್‌ಗೂ ಹೀಗೇ ಬಂದಿತ್ತಮ್ಮ,” ಎಂದರು, ಪ್ಲೇಟಿಗೆ ಹೇಳುವ ಹಾಗೆ. “ಕೈ ಸರಿಯಿಲ್ಲ ಅಂದ್ಕೊಂಡೆ.”

ನನಗೆ ಬೈಯಬೇಕೆನಿಸಿತು, ಅಯ್ಯೋ ಎಂದೂ ಅನಿಸಿತು. ಅಷ್ಟರಲ್ಲಿ ಅಕ್ಕ ರಿಜಿಸ್ಟರ್ ತಂದು ಮೇಜಿನ ಮೇಲೆ ಬಿಡಿಸಿದ್ದರು. ಎಣಿಸಿದ ಪ್ಲೇಟುಗಳನ್ನು ಅದೇ ದಿನ ಬರೆದು ಎಸೆಯುವುದು ನಿಯಮ, ಅಕ್ಕನಿಗೆ ನಿಯಮ ಅಂದರೆ ನಿಯಮ. ತಾರೀಕು ಬರೆದರು. ನನ್ನ ಹೆಸರಿನ ಮೊದಲಕ್ಷರ ಬರೆದರು. ಮೂರು ಪ್ಲೇಟು, ಬೆರಕೆ. ಕೊನೆಯ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದರು.

“ಇಲ್ಲಿ ಏನ್ ಬರೀಲಿ ಸಾ?”

ಸರ್ ಆ ಪುಟವನ್ನು ನೋಡಿದರು. ಹಿಂದಿನ ಪುಟ ತಿರುವಿದರು, ಅದರ ಹಿಂದಿನದನ್ನೂ. ಬೆರಕೆ, ಎಸೆದಿದೆ, ಹಸಿರು ಸಹಿ. ಬೆರಕೆ, ಎಸೆದಿದೆ, ಹಸಿರು ಸಹಿ. ನಾನು ಆ ರಿಜಿಸ್ಟರ್ ಅವರಿಗೆ ತೋರಿಸುವುದಿಲ್ಲ ಎಂದುಕೊಂಡಿದ್ದೆ. ತೋರಿಸಲೂ ಇಲ್ಲ.

“ಇಟ್ಟಿದೆ ಅಂತ ಬರಿಯಮ್ಮ,” ಎಂದರು.

ಅಕ್ಕ ದುಂಡಗೆ “ಇಟ್ಟಿದೆ” ಎಂದು ಬರೆದರು. ಸರ್ ಜೇಬಿನಿಂದ ಹಸಿರು ಇಂಕಿನ ಪೆನ್ನು ತೆಗೆದು ಸಾಲಿನ ತುದಿಗೆ ಸಹಿ ಹಾಕಿ, ಮುಚ್ಚಳ ಹಾಕಹೊರಟರು.

“ಪೆನ್ ಮುಚ್ಬೇಡಿ ಸರ್,” ಎಂದೆ, ಚೀಲದಿಂದ ಐದನೆಯ ಅಧ್ಯಾಯ ತೆಗೆದು ರಿಜಿಸ್ಟರಿನ ಮೇಲಿಟ್ಟೆ.